ಯಾವೂರಾವ್ರಿ, ಯಾರ ಪೈಕಿ?

ಹಾನಗಲ್ಲ ಸೀಮೆಯ ಹಳ್ಳಿಗಳಲ್ಲಿ ಅಗಸಿ ದಾಟಿ ಒಳಗೆ ಬಂದ ಹೊಸಬನಿಗೆ ಕಟ್ಟೆಯ ಮೇಲೆ ಕೂತವರಿಂದ ಎರಡು ಪ್ರಶ್ನೆ ತಪ್ಪಿದ್ದಲ್ಲ. ‘ಯಾವೂರಾವ್ರಿ?’ ಎಂಬುದು ಮೊದಲನೆಯದು. ಅದಕ್ಕೆ ಉತ್ತರ ಬಂದ ಮೇಲೆ, ತುಸು ಹೊತ್ತು ಬಿಟ್ಟು, ‘ಯಾರ ಪೈಕಿ?’ ಬರೀ ಊರು ಹೇಳಿದರೆ ಸಾಲದು. ಆ ಊರಿಗೆ ಕಳ್ಳನೂ ಸೇರಿರಬಹುದು. ಬರೀ ಪೈಕಿ ಹೇಳಿದರೂ ಸಾಲದು. ಯಾರದೋ ಹೆಸರು ಯಾರಾದರೂ ಹೇಳಬಹುದು. ಎರಡೂ ತಾಳೆಯಾದರೆ ‘ಬರ್ರಿ, ಕುಂದರ್ರಿ, ಚಾ ಕುಡೀರಿ’. ತಾಳೆಯಾಗದಿದ್ದರೆ ಆತ ಊರು ಬಿಟ್ಟು ಹೋಗುವ ತನಕ ನಾಲ್ಕು ಕಣ್ಣು ಬೆನ್ನ ಹಿಂದೆ.

ದೂರದ ಕಂಪ್ಯೂಟರೊಂದು ‘ನನ್ನನ್ನು ಒಳಗೆ ಬಿಡಿ’ ಎಂದು ಜಾಲದ ಬಾಗಿಲು ತಟ್ಟಿದಾಗ ಕೇಳಬೇಕಾದದ್ದೂ ಇವೇ ಎರಡು. ಇದು ಯಾವ ಯಂತ್ರ? ಅದರ ಮುಂದೆ ಕೂತವರು ಯಾರು? ಹಾನಗಲ್ಲ, ಶಿಗ್ಗಾವಿ, ಸವಣೂರು, ಹಿರೇಕೆರೂರುಗಳ ಜಮೀನಿನ ಕಾಗದ ಕಂಪ್ಯೂಟರಿನೊಳಗೆ ಹೋದ ಕಥೆಯನ್ನು ಹಿಂದೆ ತಿರುಗಿ ನೋಡಿದರೆ, ಒಂದು ಕಾಲದಲ್ಲಿ ಒಂದು ಪ್ರಶ್ನೆ, ಇನ್ನೊಂದು ಕಾಲದಲ್ಲಿ ಇನ್ನೊಂದು ಎಂಬಂತೆ ನಡೆದುಕೊಂಡು ಬಂದಿದೆ. ಎರಡನ್ನೂ ಒಟ್ಟಿಗೆ ಕೇಳಿದ್ದು ಬಹಳ ತಡವಾಗಿ.

ಹಾವೇರಿ ಜಿಲ್ಲೆ ಹುಟ್ಟಿದ್ದು 1997ರಲ್ಲಿ. ಅದಕ್ಕೂ ಮೊದಲು ಈ ನಾಲ್ಕೂ ತಾಲ್ಲೂಕುಗಳು ಧಾರವಾಡ ಜಿಲ್ಲೆಯವು. 1956ರ ತನಕ ಮುಂಬಯಿಯವು. ಬ್ರಿಟಿಷರ ಕಾಲದ ದಪ್ತರ ಬಿಚ್ಚಿದರೆ ಹೆಸರುಗಳೇ ಬೇರೆ. ಹಿರೇಕೆರೂರಿನದು ಕೋಡ ತಾಲ್ಲೂಕು. ಶಿಗ್ಗಾವಿಯದು ಬಂಕಾಪುರ ತಾಲ್ಲೂಕು, ಕಚೇರಿ ಮಾತ್ರ ಶಿಗ್ಗಾವಿಯಲ್ಲಿ. ಸವಣೂರಂತೂ ನವಾಬರ ಸಂಸ್ಥಾನ. ಮುಂಬಯಿಯೊಳಗೆ ಕರಗಿದ್ದು 1948ರಲ್ಲಿ. ಈ ಮುಂಬಯಿ ನಂಟಿನಿಂದಲೇ ಮೈಸೂರು ಕಡೆಯವರ ‘ಪಹಣಿ’ ನಮಗೆ ಇವತ್ತಿಗೂ ‘ಉತಾರ’. ಗ್ರಾಮ ಲೆಕ್ಕಾಧಿಕಾರಿ ಸರ್ಕಾರಿ ಆದೇಶದಲ್ಲಿ ಎಷ್ಟು ಸಲ ಹೆಸರು ಬದಲಿಸಿಕೊಂಡರೂ ಹಳಬರ ಬಾಯಲ್ಲಿ ಆತ ತಲಾಠಿಯೇ.

ಮುಂಬಯಿ ಸರ್ಕಾರ 1903ರಲ್ಲಿ ಹಕ್ಕುದಾಖಲೆಯ ಕಾಯ್ದೆ ತಂದಿತು. ಯಾವ ಹೊಲ ಯಾರದು, ಯಾರ ಸಾಲ ಅದರ ಮೇಲಿದೆ ಎಂಬುದೆಲ್ಲ ಪುಸ್ತಕದಲ್ಲಿ ಬರೆದಿಡಬೇಕಾಯಿತು. ಬರೆಯುವವನು ಊರಿನ ಕುಲಕರ್ಣಿ. ಅವನಿಗೆ ಯಾರ ಗುರುತಿನ ಚೀಟಿಯೂ ಬೇಕಿರಲಿಲ್ಲ. ಬಾಗಿಲಲ್ಲಿ ನಿಂತವನ ಅಜ್ಜನನ್ನೂ ಅವನು ಬಲ್ಲ. ಕೇಳಲು ಬಂದವನ ಗುರುತು ಹಿಡಿಯುವುದರಲ್ಲಿ ಇದಕ್ಕಿಂತ ಗಟ್ಟಿ ವ್ಯವಸ್ಥೆ ಆಮೇಲೆ ಬಂದಿಲ್ಲ ಎಂದೇ ನನ್ನ ಅನಿಸಿಕೆ. ತೊಡಕು ಇದ್ದದ್ದು ಬೇರೆ ಕಡೆ: ಬರೆಯುವ ಕೈಯನ್ನು ಯಾರು ಕಾಯುತ್ತಿದ್ದರು? ಅದೇ ಮಸಿ, ಅದೇ ಅಕ್ಷರ, ಅದೇ ಪುಸ್ತಕ. ರಾತ್ರಿ ಒಂದು ಹೆಸರು ಹೊಡೆದು ಇನ್ನೊಂದು ಬರೆದರೆ ಬೆಳಿಗ್ಗೆ ಅದೇ ಸತ್ಯ. 1950ರ ಕಾಯ್ದೆಯಿಂದ ಕುಲಕರ್ಣಿ ವತನ ಹೋಯಿತು, ಸಂಬಳದ ತಲಾಠಿ ಬಂದ. ದಪ್ತರ ಮಾತ್ರ ಮನೆಯಿಂದ ಚೀಲಕ್ಕೆ ಬಂತು, ಅಷ್ಟೆ. ತೊಂಬತ್ತರ ದಶಕ ಮುಗಿಯುವ ಹೊತ್ತಿಗೂ ಕರ್ನಾಟಕದ ಜಮೀನಿನ ಲೆಕ್ಕವೆಲ್ಲ ಸುಮಾರು 9,000 ಗ್ರಾಮ ಲೆಕ್ಕಿಗರ ಕೈಬರಹದಲ್ಲಿತ್ತು. ಸಾಲಕ್ಕೆ ಅರ್ಜಿ ಹಾಕಬೇಕಾದ ರೈತ ಮೊದಲು ಲೆಕ್ಕಿಗ ಇವತ್ತು ಯಾವ ಊರಲ್ಲಿದ್ದಾನೆ ಎಂದು ಹುಡುಕಬೇಕು. ಸಿಕ್ಕರೆ ಅವನ ಮನಸ್ಸು ಒಳ್ಳೆಯದಿರಬೇಕು.

ಇಲ್ಲಿ ಒಂದು ಮಾತು, ಕಂಪ್ಯೂಟರಿಗೂ ಹಿಂದಿನದು. ‘ಆ ಕಡೆ ಯಾರು?’ ಎಂದು ಯಂತ್ರವೇ ಯಂತ್ರವನ್ನು ಕೇಳಿದ್ದು ಟೆಲೆಕ್ಸ್ ಕಾಲದಲ್ಲಿ. ಭಾರತದಲ್ಲಿ ಟೆಲೆಕ್ಸ್ ಸೇವೆ 1963ರಲ್ಲಿ ಶುರುವಾಯಿತು. ಟೆಲಿಪ್ರಿಂಟರಿನ ಕೀಲಿಮಣೆಯಲ್ಲಿ ‘ನೀನು ಯಾರು?’ ಎಂಬುದಕ್ಕೇ ಒಂದು ಗುಂಡಿ. ಅದನ್ನು ಒತ್ತಿದರೆ ತಂತಿಯ ಆಚೆ ತುದಿಯ ಯಂತ್ರದೊಳಗಿನ ಪುಟ್ಟ ಉರುಳೆ ಒಂದು ಸುತ್ತು ತಿರುಗಿ, ಅದರ ಮೇಲೆ ಹಲ್ಲು ಕತ್ತರಿಸಿ ಕೂರಿಸಿದ ಸಂಕೇತವನ್ನು ತಾನಾಗಿಯೇ ಟಪಟಪ ಬಡಿದು ಕಳಿಸುತ್ತಿತ್ತು. ಎದುರು ಕಚೇರಿಯಲ್ಲಿ ಮನುಷ್ಯನೇ ಇರಬೇಕಿಲ್ಲ, ದೀಪ ಆರಿಸಿ ಮನೆಗೆ ಹೋಗಿದ್ದರೂ ಯಂತ್ರ ತನ್ನ ಹೆಸರು ಹೇಳುತ್ತಿತ್ತು. ಸಂದೇಶದ ಮೊದಲಿಗೊಮ್ಮೆ ಕೊನೆಗೊಮ್ಮೆ ಈ ಉತ್ತರ ಕಾಗದದಲ್ಲಿ ಮೂಡಿದ್ದರೆ ವ್ಯಾಪಾರಿಗಳಿಗೆ ಧೈರ್ಯ. ‘ಯಾವೂರು’ ಎಂಬುದಕ್ಕೆ ಹಲ್ಲಿನ ಉರುಳೆ ಉತ್ತರ ಕೊಟ್ಟಿತು. ‘ಯಾರ ಪೈಕಿ’ ಎಂಬುದಕ್ಕೆ ಕೊಡಲಿಲ್ಲ.

ಕಂಪ್ಯೂಟರುಗಳು ಒಂದಕ್ಕೊಂದು ಜೋಡಿಸಿಕೊಂಡಾಗ ಈ ಎಚ್ಚರವೂ ಮರೆತುಹೋಯಿತು. ಇಂಟರ್ನೆಟ್ಟಿನ ತಾಯಿಬೇರಾದ ಅಮೆರಿಕದ ಅರ್ಪಾನೆಟ್ಟಿನಲ್ಲಿ ಎಪ್ಪತ್ತರ ದಶಕದ ಮೊದಲಿಗೆ ‘ಟಿಪ್’ ಎಂಬ ಪೆಟ್ಟಿಗೆಗಳಿದ್ದವು. ಫೋನ್ ನಂಬರ್ ಗೊತ್ತಿದ್ದವನು ಮೋಡೆಮ್‌ನಿಂದ ಕರೆ ಮಾಡಿದರೆ ಸಾಕು, ಜಾಲದೊಳಗೆ. ಯಾರು ಏನೆಂದು ಕೇಳುವವರಿಲ್ಲ. 1973ರ ಡಿಸೆಂಬರಿನಲ್ಲಿ ಬಾಬ್ ಮೆಟ್‌ಕಾಫ್ ಎಂಬ ಎಂಜಿನಿಯರ್ ಈ ಬಗ್ಗೆ ಒಂದು ಪುಟ್ಟ ಎಚ್ಚರಿಕೆ ಬರೆದ. ಈಥರ್ನೆಟ್ ಕಂಡುಹಿಡಿದವನು ಅವನೇ. ಟಿಪ್ ಪೆಟ್ಟಿಗೆಗೆ ಬರುವವರ ಹೆಸರು, ಗುಪ್ತಪದ ಕೇಳುವ ಪದ್ಧತಿಯೊಂದು ಕಾಗದದ ಮೇಲೆ ಬರಲು ಹನ್ನೊಂದು ವರ್ಷ ಹಿಡಿಯಿತು, 1984. ಆ ಹೊತ್ತಿನಲ್ಲೇ ಕೆಲವು ಕಚೇರಿಗಳು ‘ಮರುಕರೆ’ಯ ಉಪಾಯ ಹೂಡಿದ್ದವು: ಕರೆ ಬಂದ ಕೂಡಲೇ ಕೇಂದ್ರದ ಯಂತ್ರ ಫೋನ್ ಇಟ್ಟುಬಿಡುವುದು, ತನ್ನ ಪಟ್ಟಿಯಲ್ಲಿರುವ ನಂಬರಿಗೆ ತಾನೇ ತಿರುಗಿ ಕರೆ ಮಾಡುವುದು. ‘ನೀ ಇರು, ನಾನಾ ನಿಮ್ಮನಿಗೆ ಬಂದು ನೋಡ್ತೀನಿ’ ಎಂದ ಹಾಗೆ.

ಇತ್ತ ಕರ್ನಾಟಕದಲ್ಲಿ ಜಮೀನಿನ ದಾಖಲೆಯನ್ನು ಕಂಪ್ಯೂಟರಿಗೆ ತರುವ ‘ಭೂಮಿ’ ಯೋಜನೆ ಬಂತು. 2000ನೇ ಇಸವಿಯ ಆಸುಪಾಸಿನಲ್ಲಿ ಶುರುವಾಗಿ, ನೋಡನೋಡುತ್ತ ಆಗಿನ 177 ತಾಲ್ಲೂಕುಗಳಿಗೂ ಹಬ್ಬಿತು. ಮುಂದೆ ನಿಂತು ನಡೆಸಿದವರು ಐಎಎಸ್ ಅಧಿಕಾರಿ ರಾಜೀವ್ ಚಾವ್ಲಾ. ತಂತ್ರಾಂಶ ರಾಷ್ಟ್ರೀಯ ಮಾಹಿತಿ ಕೇಂದ್ರದ್ದು. 67 ಲಕ್ಷ ರೈತರ, ಹತ್ತಿರ ಹತ್ತಿರ ಎರಡು ಕೋಟಿ ಉತಾರಗಳನ್ನು ಕೈಬರಹದಿಂದ ಎತ್ತಿ ಕಂಪ್ಯೂಟರಿಗೆ ಹಾಕಿದರು. ಆಗ ಒಂದು ಪ್ರತಿಗೆ 15 ರೂಪಾಯಿ. ಆಯಾ ತಾಲ್ಲೂಕಿನಲ್ಲಿ ಕೆಲಸ ಮುಗಿದ ಮೇಲೆ ಕೈಬರಹದ ಉತಾರ ಇನ್ನು ನಡೆಯುವುದಿಲ್ಲ ಎಂದು ಸರ್ಕಾರ ಅಧಿಸೂಚನೆ ಹೊರಡಿಸಿತು. ದೇಶದ ಬೇರೆ ಕಡೆ ನಡೆದ ಪ್ರಯತ್ನಗಳು ಸೊರಗಿದ್ದು ಇಲ್ಲಿಯೇ. ಕಂಪ್ಯೂಟರೂ ಇರಲಿ, ಪುಸ್ತಕವೂ ಇರಲಿ ಎಂದರೆ ಲೆಕ್ಕಿಗ ಪುಸ್ತಕವನ್ನೇ ತೆರೆಯುತ್ತಾನೆ. ನನ್ನ ಮಟ್ಟಿಗೆ ಭೂಮಿಯ ನಿಜವಾದ ಧೈರ್ಯ ಈ ಅಧಿಸೂಚನೆ. ತಂತ್ರಾಂಶ ಆಮೇಲಿನ ಮಾತು.

ತಂತ್ರಾಂಶದಲ್ಲಿಯೂ ಒಂದು ಜಾಣತನವಿತ್ತು. ಖಾತೆ ಬದಲಾವಣೆಗೆ ಕೂರುವ ಗುಮಾಸ್ತ, ಶಿರಸ್ತೇದಾರ ಯಾರೇ ಆಗಲಿ, ಗುಪ್ತಪದ ಒತ್ತಿ ಒಳಗೆ ಹೋಗುವಂತಿಲ್ಲ; ಬೆರಳು ಇಡಬೇಕು. ಗುಪ್ತಪದವನ್ನು ಪಕ್ಕದ ಮೇಜಿನವನಿಗೆ ಹೇಳಿ ರಜೆ ಹಾಕಬಹುದು, ಬೆರಳನ್ನು ಬಿಟ್ಟುಹೋಗಲಾಗದು. ಯಾವ ಸರ್ವೆ ನಂಬರಿನಲ್ಲಿ ಯಾರು ಯಾವಾಗ ಏನು ತಿದ್ದಿದರು ಎಂಬುದು ಬೆರಳಿನ ಸಮೇತ ದಾಖಲಾಗುತ್ತಿತ್ತು. ಮೊದಲು ಬಂದ ಅರ್ಜಿಯನ್ನು ಬಿಟ್ಟು ಮೂರನೆಯದನ್ನು ಮುಂದಕ್ಕೆ ಎಳೆಯಲು ಯಂತ್ರ ಒಪ್ಪುತ್ತಿರಲಿಲ್ಲ. ಕೌಂಟರಿನಲ್ಲಿ ರೈತನ ಕಡೆಗೇ ಮುಖ ಮಾಡಿದ ಎರಡನೆಯ ಪರದೆ ಬೇರೆ.

ಆ ಬೆರಳಿಡುವ ನೋಟ ನನ್ನ ಕಣ್ಣಿಗೆ ಕಟ್ಟಿದಂತಿದೆ. ಆಗ ನಾನು ಕಾಕಾನ ಜತೆ ತಾಲ್ಲೂಕು ಕಚೇರಿಗೆ ಹೋಗಿದ್ದೆ. ಯಾವ ತಾಲ್ಲೂಕು ಎಂಬುದು ಬೇಡ. ಕಿಟಕಿಯ ಆಚೆ ಕೂತಾತ ಬೆರಳನ್ನು ಪುಟ್ಟ ಗಾಜಿನ ಮೇಲೆ ಒತ್ತಿದ. ಯಂತ್ರ ಒಪ್ಪಲಿಲ್ಲ. ಅಂಗಿಗೆ ಒರೆಸಿ ಒತ್ತಿದ. ಇಲ್ಲ. ಬೇಸಿಗೆ, ಬೆರಳು ಒಣಗಿತ್ತೇನೋ. ಆಮೇಲೆ ಹಣೆಯ ಬೆವರಿಗೆ ಬೆರಳು ಹಚ್ಚಿ ಒತ್ತಿದ. ಟಿಕ್ ಎಂದು ಪರದೆ ತೆರೆಯಿತು. ಸಾಲಿನಲ್ಲಿದ್ದ ಮುದುಕನೊಬ್ಬ ಗಟ್ಟಿಯಾಗಿ ನಕ್ಕ. ‘ಇಷ್ಟ ದಿನ ನಮ್ಮನ್ನ ಹೆಬ್ಬೆಟ್ಟ ಮಂದಿ ಅಂತಿದ್ರಿ, ಈಗ ಸಾಹೇಬ್ರದೂ ಹೆಬ್ಬೆಟ್ಟಾತು ನೋಡ್ರಿ.’ ಕಿಟಕಿಯಾತನೂ ನಕ್ಕ. ಓದು ಬಾರದವರ ಗುರುತು ಎಂದು ನಾವು ಹಳಿದ ಹೆಬ್ಬೆಟ್ಟಿಗೆ ಉದ್ದನೆಯ ಚರಿತ್ರೆಯಿದೆ. 1858ರಲ್ಲಿ ಬಂಗಾಳದ ಜಂಗೀಪುರದಲ್ಲಿ ವಿಲಿಯಂ ಹರ್ಶೆಲ್ ಎಂಬ ಅಧಿಕಾರಿ ಗುತ್ತಿಗೆದಾರನೊಬ್ಬನ ಅಂಗೈ ಗುರುತನ್ನು ಕರಾರುಪತ್ರದ ಮೇಲೆ ಒತ್ತಿಸಿಕೊಂಡ. 1897ರಲ್ಲಿ ಕಲ್ಕತ್ತೆಯಲ್ಲಿ ಬೆರಳುಗುರುತಿನ ಕಚೇರಿಯೇ ಶುರುವಾಯಿತು. ಆಳುವವರು ಆಳಿಸಿಕೊಳ್ಳುವವರ ಬೆರಳು ಕೇಳಿದ ಕಥೆ ಅದು. ಭೂಮಿಯಲ್ಲಿ ಅದು ತಿರುಗುಮುರುಗಾಯಿತು. ರೈತ ತನ್ನ ಊರು, ಸರ್ವೆ ನಂಬರ್ ಹೇಳಿದರೆ ಸಾಕು. ಬೆರಳು ಕೊಡಬೇಕಾದವನು ಸರ್ಕಾರಿ ನೌಕರ.

ಯಂತ್ರ ಯಾವುದೆಂದು ಮಾತ್ರ ಆಗ ಯಾರೂ ಕೇಳಲಿಲ್ಲ, ಕೇಳುವ ಅಗತ್ಯವೂ ಇರಲಿಲ್ಲ. ಪ್ರತಿ ತಾಲ್ಲೂಕಿಗೂ ಅದರದೇ ಸರ್ವರ್, ಅದೇ ಕಟ್ಟಡದಲ್ಲಿ. ಸವಣೂರಿನ ಕೊಠಡಿಗೆ ಶಿಗ್ಗಾವಿಯ ಕೊಠಡಿ ಇದೆಯೆಂಬುದೇ ಗೊತ್ತಿಲ್ಲ. ತಂತಿ ಗೋಡೆ ದಾಟುವುದಿಲ್ಲ. ಯಂತ್ರದ ಗುರುತೆಂದರೆ ಬಾಗಿಲಿನ ಬೀಗ. ಕಾಕತಾಳೀಯವೆಂದರೆ, ಭೂಮಿ ಕೊಠಡಿಗಳು ಬಾಗಿಲು ತೆರೆಯುತ್ತಿದ್ದ 2001ರಲ್ಲೇ ಅಂತರರಾಷ್ಟ್ರೀಯ ಎಂಜಿನಿಯರುಗಳ ಸಂಸ್ಥೆ ಐಇಇಇ ‘802.1ಎಕ್ಸ್’ ಎಂಬ ಕಟ್ಟಳೆ ಹೊರಡಿಸಿತು. ತಂತಿ ಚುಚ್ಚಿದ ಮಾತ್ರಕ್ಕೆ ಜಾಲ ತೆರೆಯಬಾರದು. ಚುಚ್ಚಿದ ಯಂತ್ರ ಮೊದಲು ತನ್ನ ಗುರುತು ಹೇಳಬೇಕು, ನಡುವಿನ ಸ್ವಿಚ್ ಅದನ್ನು ಒಳಗಿನ ಸರ್ವರಿಗೆ ಮುಟ್ಟಿಸಬೇಕು, ಅಲ್ಲಿಂದ ಹೂಂ ಎಂದು ಬರುವವರೆಗೆ ಬೇರೆ ಒಂದಕ್ಷರವೂ ಒಳಗೆ ಹೋಗಬಾರದು. ಅಗಸಿಯಲ್ಲಿ ನಿಂತ ತಳವಾರ ತಾನೇ ತೀರ್ಮಾನ ಮಾಡುವುದಿಲ್ಲ. ಹೊಸಬನನ್ನು ಹೊರಗೇ ನಿಲ್ಲಿಸಿ ಗೌಡರ ಮನೆಗೆ ಸುದ್ದಿ ಕಳಿಸುತ್ತಾನೆ. ಇದೂ ಅಷ್ಟೇ.

ಬೀಗದ ಕೊಠಡಿಯ ನೆಮ್ಮದಿ ಬಹಳ ದಿನ ಬಾಳಲಿಲ್ಲ. ಅದನ್ನು ಕೆಡಿಸಿದ ಯೋಜನೆಯ ಹೆಸರೂ ‘ನೆಮ್ಮದಿ’ಯೇ. 2006ರಲ್ಲಿ ಹೋಬಳಿ ಮಟ್ಟದಲ್ಲಿ ಸುಮಾರು 800 ಕೇಂದ್ರಗಳು ಬಂದವು, ಖಾಸಗಿ ಕಂಪನಿಗಳ ಕೂಟ ನಡೆಸುವಂಥವು. ಅಕ್ಕಿಆಲೂರಿನವನು ಹಾನಗಲ್ಲಿಗೆ, ಹಂಸಭಾವಿಯವನು ಹಿರೇಕೆರೂರಿಗೆ, ಬಂಕಾಪುರದವನು ಶಿಗ್ಗಾವಿಗೆ ಬಸ್ಸು ಹತ್ತುವುದು ತಪ್ಪಲಿ ಎಂಬುದು ಉದ್ದೇಶ. ಒಳ್ಳೆಯದೇ. ಆದರೆ ಈಗ ಉತಾರ ಮುದ್ರಿಸುವ ಕಂಪ್ಯೂಟರ್ ಸರ್ಕಾರಿ ಗೋಡೆಯ ಹೊರಗಿದೆ, ಮುಂದೆ ಕೂತ ಹುಡುಗ ಸರ್ಕಾರಿ ನೌಕರನಲ್ಲ, ದಾಖಲೆ ಇರುವುದು ಬೆಂಗಳೂರಿನಲ್ಲಿ. ಅತ್ತ ಕೇಂದ್ರ ಸರ್ಕಾರ 2005ರಲ್ಲಿ ಒಪ್ಪಿದ ಯೋಜನೆಯಂತೆ ರಾಜಧಾನಿಯಿಂದ ಜಿಲ್ಲೆಗೆ, ಜಿಲ್ಲೆಯಿಂದ ತಾಲ್ಲೂಕಿಗೆ ಸರ್ಕಾರದ್ದೇ ಜಾಲ ಹಾಸಬೇಕಿತ್ತು. ಕರ್ನಾಟಕದಲ್ಲಿ ಅದರ ಹೆಸರು ಕೆ-ಸ್ವಾನ್. ಒಂದೇ ಕಟ್ಟಡದ ಮಾತು ಮುಗಿಯಿತು. ಮೊದಲ ಸಲ ‘ಯಾವೂರು’ ಎಂದು ಕೇಳಲೇಬೇಕಾದ ಹೊತ್ತು ಬಂತು.

ಉಪಾಯ ಎರಡು ಬಗೆಯದು. ಹೊರಗಿನ ಯಂತ್ರವನ್ನು ನಂಬಲೇಬೇಡ ಎಂಬುದು ಒಂದು. 2000ನೇ ಇಸವಿಯ ಮಾಹಿತಿ ತಂತ್ರಜ್ಞಾನ ಕಾಯ್ದೆ ಡಿಜಿಟಲ್ ಸಹಿಗೆ ಕಾನೂನಿನ ಬೆಲೆ ಕೊಟ್ಟಿತ್ತು. ಕಂದಾಯ ಇಲಾಖೆಯವರ ಡಿಜಿಟಲ್ ಸಹಿ ಬಿದ್ದ ಉತಾರವನ್ನು ಹೋಬಳಿಯ ಯಂತ್ರ ತರಿಸಿಕೊಂಡು ಮುದ್ರಿಸುವುದಷ್ಟೇ, ತಿದ್ದುವ ಅಧಿಕಾರ ಇಲ್ಲ. ಇನ್ನೊಂದು, ಯಂತ್ರಕ್ಕೇ ಒಂದು ಗುಟ್ಟು ಕೊಡುವುದು. ಕೇಂದ್ರ ಪ್ರತಿ ಸಲವೂ ಹೊಸ ಅಂಕಿಯೊಂದನ್ನು ಕಳಿಸುತ್ತದೆ. ದೂರದ ಯಂತ್ರ ತನ್ನೊಳಗಿನ ಗುಟ್ಟಿನ ಕೀಲಿಯಿಂದ ಅದಕ್ಕೆ ಸಹಿ ಹಾಕಿ ಹಿಂದಿರುಗಿಸುತ್ತದೆ. ಕೀಲಿ ಹೊರಗೆ ಬರುವುದೇ ಇಲ್ಲ, ಆದ್ದರಿಂದ ದಾರಿಯಲ್ಲಿ ಕದ್ದು ಕೇಳಿದವನಿಗೆ ನಿನ್ನೆಯ ಉತ್ತರ ಸಿಕ್ಕೀತು, ಇವತ್ತಿನ ಪ್ರಶ್ನೆಗೆ ಅದು ನಡೆಯದು. ಟೆಲೆಕ್ಸಿನ ಹಲ್ಲಿನ ಉರುಳೆ ಪ್ರತಿ ಸಲ ಒಂದೇ ಉತ್ತರ ಕೊಡುತ್ತಿತ್ತು. ಎರಡರ ನಡುವಿನ ವ್ಯತ್ಯಾಸ ಇಷ್ಟೇ, ಇಷ್ಟರಲ್ಲೇ ಎಲ್ಲವೂ ಇದೆ.

ಗುರುತು ಸರಿಯಿದ್ದರೂ ಆರೋಗ್ಯ ಸರಿಯಿರಬೇಕಲ್ಲ. 2003ರ ಆಗಸ್ಟಿನಲ್ಲಿ ‘ಬ್ಲಾಸ್ಟರ್’ ಎಂಬ ಹುಳ ಲೋಕದ ತುಂಬ ವಿಂಡೋಸ್ ಯಂತ್ರಗಳನ್ನು ಕೆಡವಿತು. ಹೊರಬಾಗಿಲು ಭದ್ರವಾಗಿದ್ದ ಕಚೇರಿಗಳಿಗೂ ಅದು ನುಗ್ಗಿದ್ದು ನೌಕರರು ಮನೆಗೆ ಒಯ್ದು ತಂದ ಲ್ಯಾಪ್‌ಟಾಪಿನ ಮೂಲಕ. ಅದೇ ವರ್ಷದ ಕೊನೆಗೆ ಸಿಸ್ಕೊ ಕಂಪನಿ, 2008ರಲ್ಲಿ ಮೈಕ್ರೋಸಾಫ್ಟ್, ಯಂತ್ರವನ್ನು ಒಳಗೆ ಬಿಡುವ ಮುಂಚೆ ಅದರ ಮೈ ತಪಾಸಣೆ ಮಾಡುವ ವ್ಯವಸ್ಥೆ ತಂದವು: ವೈರಸ್ ಮದ್ದು ಹೊಸದೋ ಹಳತೋ, ತೇಪೆ ಹಾಕಿದೆಯೋ ಇಲ್ಲವೋ. ಸರಿಯಿಲ್ಲದಿದ್ದರೆ ಬೇರೆ ಕೊಟ್ಟಿಗೆ. ಇದನ್ನು ನಮ್ಮವರಿಗೆ ವಿವರಿಸುವುದು ಸುಲಭ. ಸಂತೆಯಿಂದ ತಂದ ಎತ್ತನ್ನು ಅವತ್ತೇ ಮನೆಯ ಎತ್ತಿನ ಪಕ್ಕ ಕಟ್ಟುವವನು ಹುಚ್ಚ. ನಾಲ್ಕು ದಿನ ಹಿತ್ತಲಲ್ಲಿ ಕಟ್ಟಿ, ಬಾಯಿ ನೋಡಿ, ಗೊರಸು ನೋಡಿ, ಕಾಲುಬಾಯಿ ಬೇನೆ ಇಲ್ಲವೆಂದು ಖಾತ್ರಿಯಾದ ಮೇಲೆ ಒಳಗೆ. ಮೈಕ್ರೋಸಾಫ್ಟಿನವರು ತಮ್ಮ ಆ ವ್ಯವಸ್ಥೆಯನ್ನು ಹತ್ತು ವರ್ಷ ತುಂಬುವ ಮೊದಲೇ ಕೈಬಿಟ್ಟರು. ಎತ್ತಿನ ಪದ್ಧತಿ ಇನ್ನೂ ನಡೆದಿದೆ.

2012ರ ಡಿಸೆಂಬರಿನಲ್ಲಿ ಅಟಲ್‌ಜೀ ಜನಸ್ನೇಹಿ ಕೇಂದ್ರಗಳು ಬಂದವು; ಹೋಬಳಿಯ ಯಂತ್ರ ಖಾಸಗಿಯವರ ಕೈಯಿಂದ ತಿರುಗಿ ನಾಡಕಚೇರಿಯ ಗೋಡೆಯೊಳಗೆ ಸೇರಿತು. ಯಂತ್ರದ ಗುರುತಿಗೆ ಯಂತ್ರ, ಮನುಷ್ಯನ ಗುರುತಿಗೆ ಬೆರಳು ಅಥವಾ ಡಿಜಿಟಲ್ ಸಹಿಯ ಸಣ್ಣ ಕಡ್ಡಿ. ಕೊನೆಗೂ ಎರಡೂ ಪ್ರಶ್ನೆ ಒಂದೇ ಬಾಗಿಲಲ್ಲಿ. ಆದರೆ ಸಹಿಯ ಕಡ್ಡಿಯನ್ನು ಯಂತ್ರಕ್ಕೆ ಸಿಕ್ಕಿಸಿಟ್ಟು ಸಾಹೇಬರು ಮೀಟಿಂಗಿಗೆ ಹೋದದ್ದನ್ನೂ ನಾನು ಕಂಡಿದ್ದೇನೆ, ಮತ್ತೆ ಊರು ಹೇಳುವುದಿಲ್ಲ. ಯಂತ್ರದ ಕಣ್ಣಲ್ಲಿ ಅವರು ಕುರ್ಚಿಯಲ್ಲೇ ಇದ್ದರು.

ರೈತನಿಗೆ ಈ ಒಳಗಿನ ವಿಚಾರಣೆ ಯಾವುದೂ ಕಾಣುವುದಿಲ್ಲ. ಅವನಿಗೆ ಕೇಳುವುದು ಎರಡೇ ಮಾತು: ‘ತೊಗೊಳ್ರಿ ಉತಾರ’ ಅಥವಾ ‘ಸರ್ವರ್ ಇಲ್ಲರಿ ಯಜಮಾನ್ರ, ನಾಳಿಗಿ ಬರ್ರಿ’. ಮುಂಗಾರು ಹಿಡಿದು ಬೀಜ ಗೊಬ್ಬರಕ್ಕೆ ಸೊಸೈಟಿಯಲ್ಲಿ ಸಾಲಕ್ಕೆ ನಿಂತವನಿಗೆ ನಾಳಿಗಿ ಎಂಬುದು ಒಂದು ದಿನವಲ್ಲ, ಹದ ತಪ್ಪುವುದು.

ಕಾಕಾನ ಕಥೆ ಅರ್ಧಕ್ಕೆ ಬಿಟ್ಟೆ. ಹಣೆಯ ಬೆವರಿಗೆ ಬಾಗಿಲು ತೆರೆದ ಆ ದಿನ ರೈತನ ಕಡೆಯ ಪರದೆಯಲ್ಲಿ ನಮ್ಮ ಹೊಲದ ಉತಾರ ಮೂಡಿತು. 9ನೇ ಕಾಲಂ, ಮಾಲಿಕರ ಹೆಸರು. ಕಾಕಾ ಕನ್ನಡಕ ಏರಿಸಿ ಓದಿದ, ಮತ್ತೊಮ್ಮೆ ಓದಿದ. ಅಜ್ಜನ ಹೆಸರಿನಲ್ಲಿ ಒಂದಕ್ಷರ ಬಿದ್ದುಹೋಗಿತ್ತು. ಕೈಬರಹ ನೋಡಿ ಒತ್ತುವಾಗ ಯಾರದೋ ಕಣ್ತಪ್ಪು. ‘ಇದು ನಮ್ಮಪ್ಪ ಅಲ್ಲರಿ’ ಎಂದ. ‘ಕಂಪ್ಯೂಟರ್‌ನ್ಯಾಗ ಹಂಗ ಐತ್ರಿ’ ಎಂದ ಕಿಟಕಿಯಾತ. ಬೆರಳು ಸರಿ, ಯಂತ್ರ ಸರಿ, ಹೆಸರು ತಪ್ಪು. ತಿದ್ದುಪಡಿಗೆ ಅರ್ಜಿ ಕೊಟ್ಟೆವು. ಹಿಂದೆ ತಲಾಠಿ ಒಂದು ಗೆರೆ ಎಳೆದು ಸರಿಮಾಡುತ್ತಿದ್ದ. ಹಾಗೆ ಗೆರೆ ಎಳೆಯಲಾಗದಂತೆ ಮಾಡಿದ್ದೇ ಭೂಮಿಯ ಸಾಧನೆಯಾದ್ದರಿಂದ ನಾವು ದೂರುವಂತೆಯೂ ಇರಲಿಲ್ಲ. ಆ ಒಂದಕ್ಷರ ಬರಲು ಕಾಕಾ ಅಡ್ಡಾಡಿದ ಲೆಕ್ಕ ಮನೆಯಲ್ಲಿ ಇವತ್ತಿಗೂ ನಗೆಯ ವಸ್ತು.

ಅದೇ ಕಾಕಾ 2020ರ ಮುಂಗಾರಿನಲ್ಲಿ ಮೊಬೈಲು ಹಿಡಿದು ಹೊಲಕ್ಕೆ ಹೋದ. ಆ ವರ್ಷ ರೈತರೇ ತಮ್ಮ ಬೆಳೆಯ ಸಮೀಕ್ಷೆ ಮಾಡಿ ಫೋಟೊ ಹಾಕಬೇಕೆಂದು ಸರ್ಕಾರ ಆ್ಯಪ್ ಬಿಟ್ಟಿತ್ತು. ಮೊದಲು ಮೊಬೈಲ್ ನಂಬರಿಗೆ ಒಟಿಪಿ: ಯಾರ ಪೈಕಿ. ಆಮೇಲೆ ಜಿಪಿಎಸ್: ಯಾವೂರು, ಊರೆಂದರೆ ಊರಲ್ಲ, ಯಾವ ಸರ್ವೆ ನಂಬರಿನ ಗಡಿಯೊಳಗೆ ನಿಂತಿದ್ದೀ. ಗಡಿಯ ಹೊರಗಿದ್ದರೆ ಫೋಟೊ ತೆಗೆಯಲು ಬಿಡುವುದಿಲ್ಲ. ಇಷ್ಟು ವರ್ಷ ಕಚೇರಿಯೊಳಗಿದ್ದ ಯಂತ್ರ ಈಗ ಅವನ ಅಂಗಿಯ ಜೇಬಿನಲ್ಲಿ, ತಪಾಸಣೆಯೂ ಅವನಿಗೇ.

ಗೋವಿನಜೋಳ ಎದೆಮಟ್ಟ ಬೆಳೆದಿತ್ತು. ಕಾಕಾ ಬದುವಿನ ಮೇಲೆ ನಿಂತು ಮೊಬೈಲು ಎತ್ತಿದ. ನೀವು ಜಮೀನಿನ ಗಡಿಯ ಹೊರಗಿದ್ದೀರಿ ಎಂದಿತು. ‘ಹುಟ್ಟಿದಾಗಿಂದ ಇಲ್ಲೇ ಅದೀನಿ’ ಎಂದು ಅದಕ್ಕೇ ಹೇಳಿದ. ಎರಡು ಹೆಜ್ಜೆ ಒಳಗೆ ಇಟ್ಟ. ಇಲ್ಲ. ಇನ್ನೂ ನಾಲ್ಕು ಹೆಜ್ಜೆ ಜೋಳದ ನಡುವೆ ನುಗ್ಗಿ, ಗರಿ ಮುಖಕ್ಕೆ ಹೊಡೆಯುತ್ತಿರಲು ಕೈ ಮೇಲೆತ್ತಿ ನಿಂತುಕೊಂಡ. ಒಪ್ಪಿತು.